ಪೀರಮ್ಮನ ಎರಡನೇ ಫರಸಿ

ನಮ್ಮ ಶಹಾಬಾದದ ಹಳೇ ಚರ್ಚು ನೋಡಲು ಬಂದವರು ಮೊದಲು ಕೇಳುವುದು ಕಿಟಕಿಗಳ ಬಗ್ಗೆ. ರೈಲು ಬಂದ ಕಾಲದ ಬಿಳಿ ಪಾದ್ರಿ ತನ್ನೂರಿನ ಚರ್ಚಿನ ಚಿತ್ರ ತೋರಿಸಿ, ಇದರಂತೆ ಕಟ್ಟಿ ಎಂದನಂತೆ. ಕಟ್ಟಿದವರು ನಮ್ಮೂರ ಗೌಂಡಿ ಖಾಜಾಮಿಯಾನ ಅಜ್ಜ ಮತ್ತು ಅವನ ಕಡೆಯವರು. ಅವರ ಕೈಗೆ ರೂಢಿಯಾಗಿದ್ದದ್ದು ಮಸೀದಿಯ ಕಮಾನು. ಬೂದುಗಲ್ಲಿನ ದಪ್ಪ ಗೋಡೆ, ಮಂಗಳೂರು ಹೆಂಚು, ಗಂಟೆಯ ಗೋಪುರ ಎಲ್ಲವೂ ಪಾದ್ರಿ ಹೇಳಿದಂತೆ ಆದವು. ಕಿಟಕಿಗಳು ಮಾತ್ರ ಮಸೀದಿಯವೇ ಆದವು. ಪಾದ್ರಿ ತಲೆ ಚಚ್ಚಿಕೊಂಡನಂತೆ. ನಮ್ಮ ಕಣ್ಣಿಗಂತೂ ಚೆಂದವೇ ಕಾಣುತ್ತವೆ.

ನೆಲದ ಬಗ್ಗೆ ಯಾರೂ ಕೇಳುವುದಿಲ್ಲ. ಗೋಡೆ ಏಳುವ ಹೊತ್ತಿಗೆ ಮಿಷನ್ನಿನ ಕೈ ಬರಿದಾಗಿ ನೆಲ ಮಣ್ಣಾಗಿಯೇ ಉಳಿಯಿತು. ಆಗ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದ ನಮ್ಮ ಹಿರಿಯರು ಒಂದು ಪದ್ಧತಿ ಮಾಡಿದರು. ಇಲ್ಲಿ ಮದುವೆಯಾದ ಪ್ರತಿ ಜೋಡಿ ಒಂದು ಫರಸಿ, ಅಂದರೆ ನಮ್ಮೂರ ಹಾಸುಗಲ್ಲು, ತಂದು ಹಾಸಬೇಕು. ಹೀಗೆ ಮದುವೆ ಮದುವೆಗೂ ನೆಲ ಬೆಳೆಯಿತು. ಹೆಸರು ಕೆತ್ತುವುದಿಲ್ಲ, ಯಾರ ಕಲ್ಲು ಯಾವುದೆಂದು ಎಲ್ಲರಿಗೂ ಗೊತ್ತು. ಭಾನುವಾರ ಅವರವರು ಅವರವರ ಕಲ್ಲಿನ ಮೇಲೇ ಕೂಡುವುದು.

ಪೀರಮ್ಮ ಖಣಿಯ ದಂಡೆಯ ಗುಡಿಸಲಲ್ಲೇ ಹುಟ್ಟಿದವಳು. ಚಿಕ್ಕ ವಯಸ್ಸಿಗೇ ಮದುವೆಯಾಗಿ ಎಡಗಡೆಯ ಕಿಟಕಿಯ ಕೆಳಗೆ ಫರಸಿ ಹಾಸಿದ್ದಳು. ನಮ್ಮೂರು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಖಣಿ ಕುಸಿದು ಗಂಡ ಸತ್ತ. ಅತ್ತು ಮುಗಿಸಿ ಅದೇ ಖಣಿಗೆ ದುಡಿಯಲು ಹೋದಳು. ತಲೆಯ ಮೇಲೆ ಕಲ್ಲು ಹೊತ್ತು ಲಾರಿ ತುಂಬುವಳು. ಕೂಲಿಗಳನ್ನು ಊರೆಲ್ಲಾ ಕೇಳುವಂತೆ ಬೈದು ದುಡಿಸುವ ಮುಕಾದಮ ಕೂಡ ಅವಳೆದುರು ದನಿ ತಗ್ಗಿಸುತ್ತಿದ್ದ. ಕೆಲವು ವರ್ಷಗಳ ಮೇಲೆ, ಕಲ್ಲಿಗೆ ನುಣುಪು ಕೊಡುವ ವಿಠೋಬಾನನ್ನು ಮದುವೆಯಾದಳು. ಹೊಸ ಪಾದ್ರಿ ಖುಷಿಯಿಂದಲೇ ಮದುವೆ ಮಾಡಿಸಿದರು. ತಕರಾರು ಎದ್ದದ್ದು ಕಲ್ಲಿಗೆ.

ಸಭೆಯ ಹಿರಿಯ ಲಾಲಪ್ಪ, ಅವಳ ಸತ್ತ ಗಂಡನ ಅಣ್ಣ, ಅವರು ಫರಸಿ ತಂದಾಗ ಚರ್ಚಿನ ಬಾಗಿಲಿಗೆ ಅಡ್ಡ ನಿಂತ.

"ಹೆಣ್ಣಮಗಳಿಗಿ ಒಂದ ಕಲ್ಲು. ನಿಂದು ನನ್ನ ತಮ್ಮನ ಕೂಡ ಹಾಸಿ ಆಗ್ಯಾದ."

"ನಿಮ್ಮವು ಎರಡ ಅವ ಅಲ್ರಿ ಭಾವಾ? ಅಕ್ಕ ಸತ್ತ ಮ್ಯಾಲ ಮತ್ತೊಂದ ಮದಿವಿ ಆದ್ರಿ, ಮತ್ತೊಂದ ಹಾಸಿದ್ರಿ."

"ಗಂಡಸರ ಮಾತ ಬ್ಯಾರೆ. ಒಳಗ ಜಾಗಾ ಇಲ್ಲ."

ಜಾಗ ಇತ್ತು. ಗೋಡೆ ಬದಿಗೆ ಇಡೀ ಒಂದು ಸಾಲು ಬರೀ ಮಣ್ಣಿತ್ತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪೀರಮ್ಮ ಅಳಲಿಲ್ಲ. "ಆಗ್ಲಿ. ಒಳಗ ಇಲ್ಲಂದ್ರ ಹೊರಗ ಭಾಳ ಅದ" ಎಂದಳು.

ಚರ್ಚಿನ ಹೊಸ್ತಿಲು ಎತ್ತರ. ಅದರ ಮುಂದೆ ಅಲುಗಾಡುವ ಒಂದು ಗುಂಡುಕಲ್ಲಿತ್ತು. ಮುದುಕರು ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ಹತ್ತುತ್ತಿದ್ದರು. ಶನಿವಾರ ಹಾಡಹಗಲಲ್ಲಿ ಪೀರಮ್ಮ, ವಿಠೋಬಾ ಸೇರಿ ಆ ಗುಂಡನ್ನು ಕಿತ್ತೆಸೆದು, ಕೆಳಗೆ ಗಟ್ಟಿಯಾಗಿ ಕಟ್ಟಿ, ಬಾಗಿಲಷ್ಟೇ ಅಗಲದ ತಮ್ಮ ಫರಸಿ ಹಾಸಿದರು. ಕಿತ್ತು ಹಾಕಿರೆಂದು ಲಾಲಪ್ಪ ಕೂಗಾಡಿದ. ಮೊಣಕಾಲು ನೋವಿನ ಮುದುಕಿಯರು ಒಬ್ಬರೂ ಬಿಡಲಿಲ್ಲ.

ಅಂದಿನಿಂದ ಲಾಲಪ್ಪ ಆ ಕಲ್ಲು ತುಳಿಯಲಾರೆನೆಂದು ಹಿಂಬಾಗಿಲಿನಿಂದ ಬರತೊಡಗಿದ. ಅದು ಗಿಡ್ಡ ಬಾಗಿಲು. ರುಮಾಲು ಕಂಕುಳಲ್ಲಿ ಇಟ್ಟುಕೊಂಡು ಬಗ್ಗಿ ನುಸುಳಬೇಕು. ಹಿರಿತನವೆಲ್ಲ ಆ ಬಾಗಿಲಲ್ಲೇ ಸೊಟ್ಟಗಾಯಿತು. ಪೀರಮ್ಮನೂ ಕಡಿಮೆಯವಳಲ್ಲ. ಕಲ್ಲು ಎಲ್ಲೋ ತಾನೂ ಅಲ್ಲೇ ಎಂದು ಬಿಸಿಲಲ್ಲೂ ಮಳೆಯಲ್ಲೂ ಗಂಡನೊಂದಿಗೆ ಮೆಟ್ಟಿಲ ಮೇಲೇ ಕೂತು ಹಾಡುತ್ತಿದ್ದಳು. ಅವಳ ದನಿ ಒಳಗಿನ ಪೀಠದವರೆಗೂ ಮುಟ್ಟುತ್ತಿತ್ತು.

ಎರಡು ವರ್ಷದ ಮೇಲೆ ಲಾಲಪ್ಪನ ಮಗನ ಮದುವೆ ಬಂತು. ಮದುವೆಯ ದಿಬ್ಬಣ ಮುಂಬಾಗಿಲಿನಿಂದಲೇ ಒಳಗೆ ಹೋಗಬೇಕು, ಮದುಮಗನ ತಂದೆ ಎಲ್ಲರಿಗಿಂತ ಮುಂದೆ. ಚಿತ್ತಾಪುರದ ಬೀಗರು ನೆರೆದಿದ್ದರು. ಲಾಲಪ್ಪ ಮೆಟ್ಟಿಲ ಮುಂದೆ ನಿಂತುಬಿಟ್ಟ. ಬ್ಯಾಂಡು ನಿಂತಿತು. ಪೀರಮ್ಮ ಎದ್ದು ಬದಿಗೆ ಸರಿದಳು.

"ಹತ್ತರಿ ಭಾವಾ. ಗಟ್ಟಿ ಅದ."

ಲಾಲಪ್ಪ ತಲೆ ತಗ್ಗಿಸಿ ಹತ್ತಿದ. ಹಿಂದೆ ಮಗ, ಸೊಸೆ, ಬೀಗರು, ಎಲ್ಲರೂ ಅದೇ ಕಲ್ಲು ತುಳಿದು ಹೋದರು.

ಮುಂದಿನ ಭಾನುವಾರ ಅವನೇ ಬಾಗಿಲಿಗೆ ಬಂದು ನಿಂತ. "ಪೀರಮ್ಮ, ಕಲ್ಲು ಎಬ್ಬಿಸಿ ಒಳಗ ಹಾಸ್ಕೊ. ಜಾಗಾ ಮಾಡಿ ಕೊಡ್ತೀನಿ."

"ಮುದುಕ್ಯಾರು ಹ್ಯಾಂಗ ಹತ್ತಬೇಕ್ರಿ? ಕಲ್ಲು ಇಲ್ಲೇ ಇರ್ತದ. ನಾ ಒಳಗ ಬರ್ತೀನಿ. ದಾರಿ ಬಿಡ್ರಿ."

ಲಾಲಪ್ಪ ದಾರಿ ಬಿಟ್ಟ.