ಅರ್ಧ ತಲೆಯ ಅಂಕಲ್

ನನ್ನ ತಲೆಯ ಎಡಭಾಗ ಮುಗಿದು ಬಲಭಾಗಕ್ಕೆ ಬರುವಾಗ ಕತ್ತರಿ ನಿಂತುಬಿಟ್ಟಿತು. ಲಾಕ್‌ಡೌನ್‌ನಲ್ಲಿ ಸಲೂನುಗಳೆಲ್ಲ ಮುಚ್ಚಿದ್ದರಿಂದ, ಪರದೇಶದ ಊರಾದ ಬ್ಲಾಂಚರ್ಡ್ಸ್‌ಟೌನ್‌ನ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಕಟಿಂಗ್ ಮಾಡುತ್ತಿದ್ದವನು ಜೊತೆಯಲ್ಲೇ ಇದ್ದ ಮಾರ್ಕಸ್. ಶಿಕಾಗೋದ ಆಫ್ರಿಕನ್-ಅಮೆರಿಕನ್ ಬಡಾವಣೆಯಲ್ಲಿ ಅವನ ಅಪ್ಪನ ಸಲೂನಿದೆ. ಅಲ್ಲಿ ಕೂತ ಮಗು ಗಟ್ಟಿಯಾಗಿ ಕಥೆ ಓದಿದರಷ್ಟೇ ಕತ್ತರಿ ಆಡುತ್ತದಂತೆ. ಶಾಲೆ ಮುಚ್ಚಿದ ಮೇಲೆ ಪುಸ್ತಕವನ್ನೇ ಮುಟ್ಟದ ಅವನ ಅಕ್ಕನ ಮಗಳು ಜಾಸ್ಮಿನ್ ಈಗ ಅದೇ ನಿಯಮದಂತೆ ವಿಡಿಯೊ ಕಾಲ್‌ನಲ್ಲಿ ಓದುತ್ತಿದ್ದಳು. ತಲೆ ಮಾತ್ರ ನನ್ನದು!

ಒಂದು ಪದಕ್ಕೆ ಅವಳು ತಡವರಿಸಿದಳು. ಹೇಳಿಕೊಡಲು ನಾನು ಬಾಯಿ ತೆರೆದರೆ ಅವಳೇ ಓದಲಿ ಎಂದು ಮಾರ್ಕಸ್ ಬಾಚಣಿಗೆ ಅಡ್ಡ ಹಿಡಿದ. ಅವಳು ಮುನಿಸಿಕೊಂಡು ಕಾಲ್ ಕಟ್ ಮಾಡಿದಳು, ಇವನು ಕತ್ತರಿ ಒಳಗಿಟ್ಟ.

"ನಾಳೆ ನಂಗೆ ಇಂಟರ್‌ವ್ಯೂ ಇದೆ ಕಣೋ!" ಎಂದೆ.

"ಎಡಗಡೆ ಗ್ರ್ಯಾಂಡ್ ಆಗಿದೆ, ಆ ಕಡೆ ತೋರ್ಸು," ಎಂದ.

ಮರುದಿನ ಕ್ಯಾಮೆರಾ ಮುಂದೆ ಪಕ್ಕದ ಗೋಡೆ ನೋಡುತ್ತಲೇ ಉತ್ತರ ಕೊಟ್ಟೆ. ಸಂಜೆ ಜಾಸ್ಮಿನ್ನೇ ಕರೆ ಮಾಡಿದಳು: "ಆ ಅರ್ಧ ತಲೆ ಅಂಕಲ್‌ನ ಕೂರ್ಸು, ನಂಗೆ ಆ ಪದ ಓದೋಕೆ ಬಂತು!"

ಕೆಲಸವೇನೋ ಸಿಗಲಿಲ್ಲ. ಆದರೆ ಇವತ್ತಿಗೂ ಯಾವ ಮಗು ಓದುತ್ತಾ ತಡವರಿಸಿದರೂ ನಾನು ಹೇಳಿಕೊಡುವುದಿಲ್ಲ. ಬಲಗಿವಿಯ ಮೇಲಿನ ಕೂದಲು ಮುಟ್ಟಿಕೊಂಡು ಸುಮ್ಮನೆ ಕಾಯುತ್ತೇನೆ.