ಕುರಿಯ ತತ್ತಿ ಹಣ್ಣಾದ ದಿನ

ನಮ್ಮದು ಕಕ್ಕೇರಾದ ಕುರಿ ಸಾಕುವ ಮನೆ. ಕುರಿಯ ಹೊಟ್ಟೆ ನೋಡಿಯೇ ಅದು ಯಾವತ್ತು ಈಯುತ್ತದೆ ಎಂದು ಹೇಳುವಾಕೆ ನಮ್ಮವ್ವ. ನಾನು ಓದು ಮುಗಿಸಿ, ಅದೇ ಕುರಿಯ ಅಂಡಾಣುಗಳನ್ನು ಗಾಜಿನ ತಟ್ಟೆಯಲ್ಲಿ ಪಕ್ವಗೊಳಿಸುವ ಕೆಲಸಕ್ಕೆ ಯಾದಗಿರಿಯ ಸಣ್ಣ ಪ್ರಯೋಗಾಲಯವೊಂದಕ್ಕೆ ಸೇರಿದೆ.

ಅಂಡಾಣುಗಳಿರುವ ಅಂಡಾಶಯ ತರಲು ಶಹಾಪುರದ ಮಟನ್ ಅಂಗಡಿಗೆ ಹೋದಾಗ ಅಂಗಡಿಯ ಚಾಚಾ ಕೇಳಿದರು: "ಇದನ್ನ ನಾವು ನಾಯಿಗಿ ಒಗೀತೀವ್ರಿ. ನೀವೇನ್ ಮಾಡ್ತೀರಿ?"

"ಇದರಾಗಿನ ತತ್ತಿ ಹಣ್ಣ ಮಾಡ್ತೀನ್ರಿ ಚಾಚಾ."

ಅವರು ನಗುತ್ತಲೇ ಕಟ್ಟಿಕೊಟ್ಟರು. ಮಾಂಸ ಕೆಡಬಾರದಲ್ಲ ಎಂದು ನಾನು ಅದನ್ನು ಮಂಜುಗಡ್ಡೆಯ ಮೇಲಿಟ್ಟು ತಂದೆ. ಒಂದು ಅಂಡಾಣುವೂ ಪಕ್ವವಾಗಲಿಲ್ಲ. ಫೋನಿನಲ್ಲಿ ಅವ್ವ ಬೈದಳು: "ಹೊಟ್ಟ್ಯಾಗ ಬೆಚ್ಚಗ ಇದ್ದದ್ದನ್ನ ಬರ್ಫದಾಗ ಇಡ್ತಾರೇನ, ಹುಚ್ಚಿ?"

ನಮ್ಮ ಪ್ರಯೋಗಾಲಯದ ಮೇಡಂ ಹೇಳಿದ್ದೂ ಅದನ್ನೇ, ತುಸು ಮರ್ಯಾದೆಯ ಮಾತಿನಲ್ಲಿ. ಮುಂದಿನ ಸಲ ಚಹಾದ ಫ್ಲಾಸ್ಕಿನಲ್ಲಿ ಬೆಚ್ಚನೆಯ ಉಪ್ಪುನೀರು ತುಂಬಿಕೊಂಡು ಹೋಗಿ, ಅಂಡಾಶಯಗಳನ್ನು ಅದರಲ್ಲೇ ಹಾಕಿ ತಂದೆ.

ಈ ಸಲ ಅಂಡಾಣುಗಳನ್ನು ಹೊರತೆಗೆದು ಎರಡು ತಟ್ಟೆಗಳಲ್ಲಿ ಇಟ್ಟೆವು. ಎರಡರಲ್ಲೂ ಒಂದೇ ಪೋಷಕ ದ್ರವ. ಒಂದಕ್ಕೆ ಮಾತ್ರ ಬೆಳವಣಿಗೆ ಅಂಶವೆಂಬ ಪ್ರೋಟೀನಿನ ಒಂದು ಹನಿ ಹೆಚ್ಚು. 'ಇನ್ನು ಬೆಳೆಯಿರಿ' ಎಂದು ಜೀವಕೋಶಗಳಿಗೆ ಸುದ್ದಿ ಮುಟ್ಟಿಸುವ ಪ್ರೋಟೀನು ಅದು. ಮೈಯೊಳಗೆ ತಾನಾಗಿ ಸಿಗುತ್ತದೆ. ಗಾಜಿನಲ್ಲಿ ನಾವೇ ಹಾಕಬೇಕು.

ಮರುದಿನ ಬೆಳಿಗ್ಗೆ ಅವ್ವ ಊರಿನಿಂದ ಬುತ್ತಿ ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಬಂದಿದ್ದಳು. ಹನಿ ಹಾಕಿದ ತಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ನಿನ್ನೆ ಅಂಡಾಣುವಿನ ಸುತ್ತ ಬಿಗಿಯಾಗಿ ಅಂಟಿಕೊಂಡಿದ್ದ ಕೋಶಗಳು ಬಿಡಿಬಿಡಿಯಾಗಿ ಹರಡಿದ್ದವು.

"ಎವ್ವಾ, ಜ್ವಾಳದ ಅಳ್ಳು ಅರಳಿದಂಗ ಅರಳ್ಯಾವಲ್ಲ! ಮರಿ ಯಾವಾಗ?"

"ಇದು ಬರೇ ತತ್ತಿ ಹಣ್ಣಾದಂಗ, ಅವ್ವಾ. ಮರಿ ಆಗಾಕ ಟಗರ ಬ್ಯಾಡೇನು?"

ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಇನ್ನೊಂದು ತಟ್ಟೆ ನೋಡಿದಳು. ಅಲ್ಲಿ ಅರಳಿದ್ದವು ಕೆಲವೇ.

"ಇವಕ್ಕ ಯಾಕ ಹಾಕಲಿಲ್ಲ? ಪಾಪ, ಉಪಾಸ ಕೆಡವೀರಿ."

"ಉಪಾಸ ಇಲ್ರಿ, ಊಟ ಹಾಕೀವಿ," ಎಂದರು ಮೇಡಂ. "ಆ ಹನಿಯಿಂದ ಏನ್ ಫರಕ್ ಆಗ್ತದ ಅಂತ ನೋಡಾಕ ಒಂದಕ್ಕ ಹಾಕಿಲ್ಲ."

"ಹಂಗಾರ ಖರೇ ಬಿಡ್ರಿ."

ಮಧ್ಯಾಹ್ನ ಸುತ್ತಲಿನ ಕೋಶಗಳನ್ನು ಬಿಡಿಸಿ ನೋಡಿದೆವು. ಹನಿ ಬಿದ್ದ ತಟ್ಟೆಯಲ್ಲಿ ಹೆಚ್ಚಿನ ಅಂಡಾಣುಗಳ ಮಗ್ಗುಲಿಗೆ ಪುಟ್ಟದೊಂದು ಗುಳ್ಳೆ ಮೂಡಿತ್ತು. ಪಕ್ವವಾದ ಗುರುತು ಅದೇ. ಇನ್ನೊಂದು ತಟ್ಟೆಯಲ್ಲಿ ಅದು ಮೂಡಿದ್ದು ಕೆಲವಕ್ಕೆ ಮಾತ್ರ. ಮೇಡಂ ನನ್ನ ಬೆನ್ನು ತಟ್ಟಿದರು. ಅವ್ವ ಅಷ್ಟರಲ್ಲಿ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ, ಎಲ್ಲರನ್ನೂ ಹೊರಗಿನ ಬೇವಿನ ನೆರಳಿಗೆ ಕರೆಯುತ್ತಿದ್ದಳು.