ಸುವಾರ್ತೆಯವರ ಬಿಳಿ ಶರ್ಟುಗಳು

ಮೂವರು ಅಣ್ಣಂದಿರ ಬಟ್ಟೆ ಒಗೆದು ಸಾಕಾಗಿದ್ದ ಹುಡುಗಿಗೆ, ಅಪ್ಪ ಬೇಡವೆನ್ನಲಾಗದ ದಾರಿಯೊಂದೇ ಉಳಿದಿತ್ತು: ಮನೆಮನೆಗೆ ಹೋಗಿ ಯೇಸುವಿನ ಸುವಾರ್ತೆ ಸಾರುವ ಸೇವೆ. ಬಂದ ಗಂಡನ್ನು ಒಲ್ಲೆ ಎಂದಿದ್ದರೆ ಮನೆ ರಣರಂಗವಾಗುತ್ತಿತ್ತು. ದೇವರ ಕೆಲಸಕ್ಕೆ ಹೊರದೇಶಕ್ಕೆ ಹೋಗುತ್ತೇನೆ ಎಂದಾಗ ಅಪ್ಪ ಕಣ್ಣೊರೆಸಿಕೊಂಡು ಸೂಟ್‌ಕೇಸು ತಂದುಕೊಟ್ಟ.

ಇಲ್ಲಿ ಅವಳಿಗೆ ಸಿಕ್ಕಿದ್ದು ಮೂರನೆಯ ಮಹಡಿಯಲ್ಲೊಂದು ಕೋಣೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ ಮತ್ತು ಒಬ್ಬ ಜೊತೆಗಾತಿ. ಸೇವೆಗೆ ಬಂದವರು ಒಂಟಿಯಾಗಿ ಹೊಸಿಲು ದಾಟಬಾರದು. ಜೋಡಿಯಲ್ಲಿ ಒಬ್ಬರು ಇನ್ನೊಬ್ಬರ ಕಣ್ಣಳತೆಯಲ್ಲೇ ಇರಬೇಕು. ಜೊತೆಗಾತಿ ವಯಸ್ಸಿನಲ್ಲಿ ಹಿರಿಯಳು, ಹಾಗಾಗಿ ದೊಡ್ಡಕ್ಕ. ಇವಳು ಪುಟ್ಟಿ.

ಬೆಳಗಿನಿಂದ ಸಂಜೆಯವರೆಗೆ ಬಾಗಿಲು ತಟ್ಟುವುದೇ ಕೆಲಸ. ತೆರೆಯುವವರು ಕಡಿಮೆ, ತೆರೆದವರೂ ಎದೆಯ ಮೇಲಿನ ಸೇವೆಯ ಬಿಲ್ಲೆ ನೋಡಿ ಮುಚ್ಚುತ್ತಿದ್ದರು. ಅಷ್ಟು ಜನರಲ್ಲಿ ಹಿಂದಿನ ಬೀದಿಯ ದರ್ಜಿ ಹೆಂಗಸು ಮಾತ್ರ ಹೊಲಿಗೆ ಯಂತ್ರದ ಪಕ್ಕ ಸ್ಟೂಲು ಎಳೆದು, "ಕೂತ್ಕೊಳಿ, ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ" ಅಂದಿದ್ದಳು. ಆಮೇಲೆ ಪ್ರತಿ ಗುರುವಾರ ಅಲ್ಲೇ. ದೀಕ್ಷಾಸ್ನಾನದ ಮಾತನ್ನು ಅವಳೇ ಎತ್ತಿದ್ದಳು. ಬರುವ ಗುರುವಾರ ದಿನ ಗೊತ್ತುಮಾಡುವುದೆಂದಾಗಿತ್ತು. ಅಷ್ಟು ಅಲೆದಾಟದಲ್ಲಿ ಪುಟ್ಟಿಯ ಮಾತು ಕೇಳಿದ ಒಂದೇ ಜೀವ ಅದು.

ಆ ವಾರವೇ ದೊಡ್ಡಕ್ಕ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಅವಳು ಮಂಚ ಹಿಡಿದಳು; ನಿಯಮದ ಪ್ರಕಾರ ಪುಟ್ಟಿಯೂ ಮನೆ ಹಿಡಿದಳು. ಊರಿನ ಸೇವೆಯನ್ನೆಲ್ಲ ನೋಡಿಕೊಳ್ಳುವ ಮೇಲ್ವಿಚಾರಕರ ಫೋನು ಬಂತು.

"ಹೇಗೂ ಮನೇಲೇ ಇರ್ತೀಯಲ್ಲಮ್ಮ, ಕೆಳಗಿನ ಮಹಡೀಲಿರೋ ನಮ್ಮ ಸೇವೆ ಹುಡುಗರ ಶರ್ಟನ್ನೂ ನೋಡ್ಕೋ. ಪಾಪ, ದಿನವಿಡೀ ನಡೀತಾರೆ. ಇದೂ ಸೇವೇನೇ."

"ನಾನೂ ನಡೀತಿದ್ದೆ ಅಣ್ಣ. ಗುರುವಾರ ಒಂದು ಗಳಿಗೆ ದರ್ಜಿ ಅಕ್ಕನ ಹತ್ರ ಹೋಗಿಬರ್ಲಾ?"

"ಒಬ್ಬಳೇ? ನಿಯಮ ಗೊತ್ತಲ್ಲ."

"ಹುಡುಗರನ್ನಾದ್ರೂ ಕಳಿಸಿ."

"ಒಂಟಿ ಹೆಂಗಸಿನ ಮನೆಗೆ ಹುಡುಗರು ಹೋಗೋದಾ?" ಅವರಿಗೆ ನಿಜಕ್ಕೂ ಗಾಬರಿಯಾದಂತಿತ್ತು.

ನಾಲ್ವರು ಹುಡುಗರು ಬಕೆಟ್ಟು ತಂದಿಟ್ಟು ಹೋದರು. ಕಾಲರಿನ ಬೆವರ ಗೆರೆಗೆ ಸೋಪು ತಿಕ್ಕಿ, ನೆನೆಸಿ, ಕುಕ್ಕಿ, ಹಿಂಡಿ, ಕಿಟಕಿಯ ದಾರಕ್ಕೆ ಹಾಕುವಾಗ ಪುಟ್ಟಿಗೆ ತಾನು ಊರು ಬಿಟ್ಟಿದ್ದೇನೆಂಬುದೇ ಮರೆತುಹೋಗುತ್ತಿತ್ತು. ಅಣ್ಣಂದಿರಿಗಿಂತ ಇಲ್ಲಿ ಒಂದು ಜೊತೆ ತೋಳು ಹೆಚ್ಚು, ಅಷ್ಟೇ.

ಗುರುವಾರ ಮಧ್ಯಾಹ್ನ ಇಸ್ತ್ರಿ ಹಾಕುತ್ತಿರುವಾಗ ಬಾಗಿಲು ತಟ್ಟಿದ ಸದ್ದು. ದರ್ಜಿ. ಕುತ್ತಿಗೆಯಲ್ಲಿ ಅಳತೆಪಟ್ಟಿ ಹಾಗೇ ಇತ್ತು.

"ಕಾದು ಕಾದು ನಾನೇ ಬಂದೆ. ಒಳಗೆ ಕರೀಯಲ್ವಾ?"

"ಹೊರಗಿನವರನ್ನ ಒಳಗೆ ಕರಿಯೋ ಹಾಗಿಲ್ಲ ಅಕ್ಕ," ಪುಟ್ಟಿ ತಲೆ ತಗ್ಗಿಸಿದಳು. "ನೀವು ಹೊರಗೆ ನಿಂತ್ಕೊಳ್ಳಿ, ನಾನು ಒಳಗೆ ನಿಂತು ಮಾತಾಡ್ತೀನಿ."

ದರ್ಜಿ ಅವಳ ಭುಜದಾಚೆ ಇಣುಕಿದಳು. ಮಂಚದ ಮೇಲೆ ದೊಡ್ಡಕ್ಕ, ಮೇಜಿನ ಮೇಲೆ ಇಸ್ತ್ರಿ, ಕುರ್ಚಿಗಳ ಬೆನ್ನಿಗೆ ಅಗಲ ಭುಜದ ಶರ್ಟುಗಳು.

"ಇವು ಯಾರವು? ನಿಮ್ಮ ಅಳತೆಯವಲ್ಲ."

"ಕೆಳಗಿನ ಹುಡುಗರವು."

"ಅವರು ನಿಮ್ಮ ಲಂಗ ಒಗೀತಾರಾ?"

ದೊಡ್ಡಕ್ಕ ನಕ್ಕು, ಕೂಡಲೇ ಕೆಮ್ಮಿದಳು.

"ನೋಡಮ್ಮ," ದರ್ಜಿ ದನಿ ತಗ್ಗಿಸಿದಳು. "ನಿನ್ನ ಮಾತು ನಂಗೆ ಅರ್ಧಂಬರ್ಧ ಅರ್ಥವಾಗ್ತಿತ್ತು. ಆದ್ರೆ ಇಬ್ಬರು ಹುಡುಗೀರು ಯಾರ ಬಟ್ಟೆ ಬರೆ, ಊಟ ತಿಂಡಿ ಅನ್ನದೆ ತಲೆ ಎತ್ಕೊಂಡು ಬೀದೀಲಿ ಹೋಗ್ತಾರಲ್ಲ, ಅದು ಇಷ್ಟ ಆಗಿತ್ತು. ಗಂಡ ಅನ್ನೋ ಒಬ್ಬನ್ನ ಬಿಟ್ಟು ಬಂದವಳು ನಾನು. ಮತ್ತೆ ನಾಲ್ಕು ಜನರ ಕೈಗೆ ಸಿಕ್ಕಿಕೊಳ್ಳಲ್ಲ."

"ಅದು ದೇವರ ಮಾತಲ್ಲ ಅಕ್ಕ, ಇವರ ವ್ಯವಸ್ಥೆ."

"ಅವೆರಡೂ ಬೇರೆ ಬೇರೆ ಅಂತ ನೀನು ತೋರಿಸಿದ ದಿನ ಬರ್ತೀನಿ," ಅಂದು ದರ್ಜಿ ಮೆಟ್ಟಿಲಿಳಿದಳು.

ಸಂಜೆ ಮೇಲ್ವಿಚಾರಕರ ಫೋನು. "ದರ್ಜಿ ಬಂದಿದ್ಳು ಅಂತ ಹುಡುಗರು ಹೇಳಿದ್ರು. ಏನಂದ್ಳು?"

"ಬರಲ್ಲ ಅಂದ್ರು."

"ನಿನ್ನ ಪ್ರಾರ್ಥನೆ ಸಾಲ್ಲಿಲ್ವೇನೋ. ಇರಲಿ, ಹುಡುಗರಿಗೆ ನಾಳೆ ಸಭೆ ಇದೆ, ಶರ್ಟು..."

"ಇನ್ನೆರಡು ಒದ್ದೆ ಇವೆ. ಅವರೇ ತಗೊಂಡು ಹೋಗಿ ಇಸ್ತ್ರಿ ಹಾಕ್ಕೊಳ್ಳಲಿ. ಬಾಗಿಲ ಹೊರಗೆ ಇಟ್ಟಿರ್ತೀನಿ."

ಆ ಕಡೆಯ ದನಿ ಬಹಳ ಮೃದುವಾಯಿತು: "ನಿಂಗೆ ದಣಿವಾದ ಹಾಗಿದೆ. ನಿಮ್ಮ ತಂದೆಗೊಂದು ಮಾತು ಹೇಳ್ತೀನಿ, ಬೇಕಾದ್ರೆ ವಾಪಸ್ ಕರೆಸಿಕೊಳ್ಳಲಿ."

ಪುಟ್ಟಿ ಫೋನು ಹಿಡಿದು ನಿಂತೇ ಇದ್ದಳು. ದೊಡ್ಡಕ್ಕ ಮಂಚದಿಂದ ಕೈ ಚಾಚಿ, "ಇಲ್ಲಿ ಕೊಡು, ಒಂದು ಶರ್ಟು ನಾನು ಕೂತಲ್ಲೇ ಮಾಡ್ತೀನಿ" ಅಂದಳು.

"ಬೇಡ," ಅಂದಳು ಪುಟ್ಟಿ. ಇಸ್ತ್ರಿ ಇನ್ನೂ ಬಿಸಿಯಾಗಿತ್ತು. ಅದನ್ನು ಮತ್ತೆ ಕೈಗೆತ್ತಿಕೊಳ್ಳುವುದೋ ಪ್ಲಗ್ಗು ಕೀಳುವುದೋ ತಿಳಿಯದೆ ಅವಳು ವೈರಿನ ಮೇಲೆ ಕೈಯಿಟ್ಟುಕೊಂಡು ಕೂತಳು.